ಜರ್ಮನಿಗೆ ಬಂದಿಳಿದವರ ಮೊದಲ ಬ್ಯಾಂಕ್ ಖಾತೆ: ಯಾವುದು ಯಾರಿಗೆ?

ಆಗಸ್ಟ್ ಬಂತೆಂದರೆ ಊರಿನಿಂದ ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಬೇರೆಬೇರೆ ದನಿಗಳಲ್ಲಿ ಬರತೊಡಗುತ್ತದೆ. ಅಕ್ಟೋಬರಿನ ಸೆಮಿಸ್ಟರಿಗೆ ಹೊರಟ ಹಾಸನದ ಹುಡುಗಿ ಕೇಳುತ್ತಾಳೆ, ಬೆಂಗಳೂರಿನ ಕೆಲಸ ಬಿಟ್ಟು ಸ್ಟುಟ್‌ಗಾರ್ಟಿಗೆ ಬರಲಿರುವ ಎಂಜಿನಿಯರ್ ಕೇಳುತ್ತಾನೆ, ಗಂಡನ ಜೊತೆ ಬರುವ ಶಿವಮೊಗ್ಗದ ಹೆಣ್ಣುಮಗಳೂ ಕೇಳುತ್ತಾಳೆ: "ಅಕ್ಕಾ, ಅಲ್ಲಿ ಯಾವ ಬ್ಯಾಂಕ್ ಒಳ್ಳೆಯದು?" ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಖಾತೆ ತೆರೆಯುವ ದಿನ ನಿಮ್ಮ ಕೈಯಲ್ಲಿ ಯಾವ ಯಾವ ಕಾಗದ ಇರುತ್ತದೆ? ಜರ್ಮನಿಯಲ್ಲಿ ಬ್ಯಾಂಕಿನ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸುವುದು ಆ ಕಾಗದಗಳೇ. ಶುಲ್ಕ, ಆ್ಯಪ್, ಕಾರ್ಡಿನ ಬಣ್ಣ ಎಲ್ಲವೂ ಆಮೇಲಿನ ಮಾತು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ವಿದ್ಯಾರ್ಥಿಗಳು ವೀಸಾಗಾಗಿ ತೆರೆಯುವ ಶ್ಪೆರ್‌ಕೊಂಟೊ, ಅಂದರೆ ತಡೆಹಿಡಿದ ಖಾತೆ, ನೀವು ದಿನನಿತ್ಯ ಬಳಸುವ ಖಾತೆಯಲ್ಲ. 2024ರ ಸೆಪ್ಟೆಂಬರಿನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಅಲ್ಲಿಂದ ತಿಂಗಳಿಗೆ 992 ಯೂರೋ ಮಾತ್ರ ಹೊರಬರುತ್ತದೆ, ಅದೂ ನಿಮ್ಮ ಹೆಸರಿನ ಇನ್ನೊಂದು ಚಾಲ್ತಿ ಖಾತೆಗೆ. ಈ ಚಾಲ್ತಿ ಖಾತೆಗೆ ಇಲ್ಲಿ ಝೀರೊಕೊಂಟೊ ಎನ್ನುತ್ತಾರೆ. ಅದು ತೆರೆಯುವವರೆಗೆ ಅಪ್ಪ ತೋಟದ ಮೇಲೆ ಸಾಲ ಮಾಡಿ ಕಳಿಸಿದ ಹಣ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮೊದಲ ತಿಂಗಳ ಬಾಡಿಗೆಗೆ ಸ್ನೇಹಿತರ ಬಳಿ ಕೈಚಾಚಿದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಈ ಬರಹ ಆ ಝೀರೊಕೊಂಟೊದ ಕುರಿತಾದದ್ದು.

ಯಾವುದನ್ನು ಅಳೆದು ನೋಡಬೇಕು

ಮೊದಲನೆಯದು ಕಾಗದಗಳು. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ವಾಸದ ನೋಂದಣಿ ಮಾಡಿಸಬೇಕು. ಇದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ನೋಂದಣಿಯಾದ ಮೇಲೆ ಕೆಲವು ವಾರಗಳಲ್ಲಿ 11 ಅಂಕಿಗಳ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹೆಚ್ಚಿನ ಬ್ಯಾಂಕುಗಳು ನೋಂದಣಿ ಪತ್ರವನ್ನು ಕೇಳುತ್ತವೆ, ತೆರಿಗೆ ಸಂಖ್ಯೆಯನ್ನು ಮುಂದೆ ಕೊಟ್ಟರೂ ನಡೆಯುತ್ತದೆ. ಬಾಡಿಗೆ ಮನೆಯವರು ಬ್ಯಾಂಕ್ ಖಾತೆ ಕೇಳುತ್ತಾರೆ, ಬ್ಯಾಂಕಿನವರು ಮನೆಯ ನೋಂದಣಿ ಕೇಳುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸ್ಥಿತಿ ಇದು. ಯಾವ ಬಗೆಯ ಖಾತೆ ಈ ಗಂಟನ್ನು ಬಿಡಿಸುತ್ತದೆ ಎಂಬುದೇ ಹೊಸಬರಿಗೆ ಮುಖ್ಯ.

ಎರಡನೆಯದು ಗುರುತಿನ ಪರಿಶೀಲನೆ. ಶಾಖೆಯಲ್ಲಾದರೆ ಪಾಸ್‌ಪೋರ್ಟ್ ತೋರಿಸಿದರೆ ಮುಗಿಯಿತು. ಶಾಖೆಯಿಲ್ಲದ ಬ್ಯಾಂಕುಗಳು ವಿಡಿಯೋ ಕರೆಯಲ್ಲಿ ಅಥವಾ ಅಂಚೆ ಕಚೇರಿಯ ಮೂಲಕ ಪರಿಶೀಲಿಸುತ್ತವೆ. ಭಾರತದ ಪಾಸ್‌ಪೋರ್ಟನ್ನು ವಿಡಿಯೋ ಕರೆಯಲ್ಲಿ ಎಲ್ಲರೂ ಒಪ್ಪುವುದಿಲ್ಲ. ಎಷ್ಟೋ ಜನ ಅರ್ಜಿಯ ಎಲ್ಲ ಪುಟ ತುಂಬಿ ಕೊನೆಯ ಹೆಜ್ಜೆಯಲ್ಲಿ ನಿಂತುಬಿಡುವುದು ಇಲ್ಲಿಯೇ.

ಮೂರನೆಯದು ಖಾತೆ ಸಂಖ್ಯೆಯ ಮೊದಲೆರಡು ಅಕ್ಷರ. ಜರ್ಮನಿಯ ಐಬಾನ್, ಅಂದರೆ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ, 22 ಅಕ್ಷರಗಳದ್ದು, ಡಿ-ಇ ಎಂದು ಶುರುವಾಗುತ್ತದೆ. ಐರೋಪ್ಯ ಒಕ್ಕೂಟದ 2012ರ ನಿಯಮದಂತೆ ಬೇರೆ ಸದಸ್ಯ ದೇಶದ ಐಬಾನನ್ನು ನಿರಾಕರಿಸುವಂತಿಲ್ಲ. ಆದರೂ ಕೆಲವು ಕಂಪನಿಗಳ ಅರ್ಜಿ ನಮೂನೆಗಳು, ಕೆಲವು ಮನೆ ಮಾಲೀಕರು ಇಂದಿಗೂ ಡಿ-ಇ ಇಲ್ಲದಿದ್ದರೆ ತಕರಾರು ತೆಗೆಯುತ್ತಾರೆ. ಕಾನೂನು ನಿಮ್ಮ ಕಡೆಗಿದೆ, ನಿಜ. ಆದರೆ ಬಂದ ಮೊದಲ ತಿಂಗಳಲ್ಲಿ ಕಾನೂನು ಹಿಡಿದು ವಾದಿಸುವಷ್ಟು ಜರ್ಮನ್ ಭಾಷೆಯಾಗಲಿ ಬಿಡುವಾಗಲಿ ಯಾರಿಗಿರುತ್ತದೆ?

ಇನ್ನು ಶುಲ್ಕ, ನಗದು ತೆಗೆಯುವ ಅನುಕೂಲ, ಮಾತಾಡಿಸಲು ಒಬ್ಬ ಮನುಷ್ಯ ಸಿಗುತ್ತಾನೆಯೇ ಎಂಬುದು, ಹಣದ ಭದ್ರತೆ. ಕೊನೆಯದರ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಪರವಾನಗಿ ಪಡೆದ ಯಾವುದೇ ಐರೋಪ್ಯ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 1,00,000 ಯೂರೋವರೆಗೆ ಕಾನೂನಿನ ರಕ್ಷಣೆಯಿದೆ. ನಮ್ಮಲ್ಲಿ ಇದೇ ಮಿತಿ 5 ಲಕ್ಷ ರೂಪಾಯಿ.

ಶಾಖೆಯಿರುವ ಬ್ಯಾಂಕು

ಶ್ಪಾರ್ಕಾಸ್ಸೆ, ಫೋಕ್ಸ್‌ಬಾಂಕ್, ಡಾಯ್ಚ ಬಾಂಕ್, ಕೊಮರ್ಸ್‌ಬಾಂಕ್ ಈ ಗುಂಪಿನವು. ಶ್ಪಾರ್ಕಾಸ್ಸೆ ಒಂದೇ ಬ್ಯಾಂಕ್ ಅಲ್ಲ. ಊರಿಗೆ, ಜಿಲ್ಲೆಗೆ ಒಂದರಂತೆ ಮುನ್ನೂರಕ್ಕೂ ಹೆಚ್ಚು ಸ್ವತಂತ್ರ ಉಳಿತಾಯ ಬ್ಯಾಂಕುಗಳು ಒಂದೇ ಕೆಂಪು ಗುರುತಿನಡಿ ಇವೆ. ಹಾಗಾಗಿ ಡ್ರೆಸ್ಡೆನ್ನಿನ ಗೆಳೆಯ ಹೇಳಿದ ಶುಲ್ಕ ಆಖೆನ್ನಿನಲ್ಲಿ ಅನ್ವಯಿಸುವುದಿಲ್ಲ. ನಿಮ್ಮ ಊರಿನ ಶ್ಪಾರ್ಕಾಸ್ಸೆಯ ದರಪಟ್ಟಿಯನ್ನೇ ನೋಡಬೇಕು.

ಫೋಕ್ಸ್‌ಬಾಂಕ್ ಮತ್ತು ರೈಫೈಸೆನ್‌ಬಾಂಕುಗಳು ಸಹಕಾರಿ ಬ್ಯಾಂಕುಗಳು. ಇವುಗಳ ಹೆಸರು ಕಂಡಾಗಲೆಲ್ಲ ನನಗೆ ಗದಗದ ಕಡೆಯ ಕಣಗಿನಹಾಳ ನೆನಪಾಗುತ್ತದೆ. ಜರ್ಮನಿಯ ಹಳ್ಳಿಗಳಲ್ಲಿ ಫ್ರೀಡ್ರಿಖ್ ವಿಲ್‌ಹೆಲ್ಮ್ ರೈಫೈಸೆನ್ ಕಟ್ಟಿದ ರೈತರ ಸಾಲ ಸಂಘಗಳ ಮಾದರಿಯನ್ನು ನೋಡಿಯೇ ಭಾರತದಲ್ಲಿ 1904ರ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ತೆರೆದರು. ನಮ್ಮ ಊರಿನ ಸೊಸೈಟಿಯ ತವರುಮನೆಯ ಬಾಗಿಲಲ್ಲಿ ನಿಂತಿದ್ದೇನೆ ಎಂಬ ಸಲುಗೆ ನನಗೆ ಅಲ್ಲಿ ಯಾವಾಗಲೂ ಇರುತ್ತದೆ.

ಈ ಗುಂಪಿನ ದೊಡ್ಡ ಅನುಕೂಲ ಕಿಟಕಿಯಾಚೆ ಕುಳಿತ ಮನುಷ್ಯ. ಪಾಸ್‌ಪೋರ್ಟ್, ವೀಸಾ, ನೋಂದಣಿ ಪತ್ರ, ವಿಶ್ವವಿದ್ಯಾಲಯದ ಪ್ರವೇಶ ಪತ್ರ ಅಥವಾ ಕೆಲಸದ ಒಪ್ಪಂದ ಹಿಡಿದು ಹೋದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಐಬಾನ್ ಅಂದೇ ಸಿಗುವುದುಂಟು. ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ಸುಮ್ಮನೆ ಹೋದರೆ ವಾಪಸ್ ಕಳಿಸುತ್ತಾರೆ. ವಿಶ್ವವಿದ್ಯಾಲಯವಿರುವ ಊರುಗಳಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿ ಅಭ್ಯಾಸವಾಗಿರುವ ಸಿಬ್ಬಂದಿ ಇರುತ್ತಾರೆ, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಸಣ್ಣ ಊರಾದರೆ ಜರ್ಮನ್ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಎರಡನೆಯ ಅನುಕೂಲ ಝೀರೊಕಾರ್ಡ್. ಇದು ಜರ್ಮನಿಯ ಒಳಗೆ ಚಲಾವಣೆಯ ಕಾರ್ಡು. ಬೇಕರಿ, ಕ್ಷೌರದಂಗಡಿ, ಸರ್ಕಾರಿ ಕಚೇರಿಯ ಶುಲ್ಕದ ಕಿಟಕಿ ಇಂಥ ಕಡೆ ವೀಸಾ, ಮಾಸ್ಟರ್‌ಕಾರ್ಡ್ ನಡೆಯದೆ ಇದು ಮಾತ್ರ ನಡೆಯುವುದು ಇನ್ನೂ ಉಂಟು. ಶಾಖೆ ಬ್ಯಾಂಕುಗಳು ಇದನ್ನು ಖಾತೆಯ ಜೊತೆಗೇ ಕೊಡುತ್ತವೆ.

ಬೆಲೆ ಏನು? ನೌಕರಿಯಲ್ಲಿರುವವರಿಗೆ ಹೆಚ್ಚಿನ ಕಡೆ ತಿಂಗಳಿಗೆ 4ರಿಂದ 10 ಯೂರೋ ಆಸುಪಾಸು. ತಿಂಗಳಿಗೆ 7 ಯೂರೋ ಎಂದಿಟ್ಟುಕೊಂಡರೆ ವರ್ಷಕ್ಕೆ 84 ಯೂರೋ. ವಿದ್ಯಾರ್ಥಿಗಳಿಗೆ ಉಚಿತ ಎಂದು ಬರೆದಿರುತ್ತದೆ, ಆದರೆ ಅದರ ಕೆಳಗೆ ವಯಸ್ಸಿನ ಮಿತಿಯೂ ಇರುತ್ತದೆ. ಒಂದೊಂದು ಕಡೆ ಒಂದೊಂದು: 25, 27, 30. ಬಿ.ಇ. ಮುಗಿಸಿ ಮೂರು ವರ್ಷ ದುಡಿದು ಎಂ.ಎಸ್.ಗೆ ಬಂದ 26ರ ಹುಡುಗನಿಗೆ ಈ ಒಂದು ಸಾಲು ವರ್ಷಕ್ಕೆ ಎಂಟು ಸಾವಿರ ರೂಪಾಯಿಯಷ್ಟು ವ್ಯತ್ಯಾಸ ಮಾಡಬಹುದು. ಅಲ್ಲಿ ಕೂತಾಗ ಕೇಳಲೇಬೇಕಾದ ಪ್ರಶ್ನೆ ಇದು.

ಶಾಖೆಯಿಲ್ಲದ ಜರ್ಮನ್ ಬ್ಯಾಂಕು

ಡಿಕೆಬಿ, ಐಎನ್‌ಜಿ ಇವು ಈ ಬಗೆಯಲ್ಲಿ ಹೆಸರಾದವು. ಇವುಗಳಿಗೆ ಪೂರ್ಣ ಬ್ಯಾಂಕ್ ಪರವಾನಗಿ ಇದೆ, ಡಿ-ಇ ಐಬಾನ್ ಇದೆ, ಆ್ಯಪ್ ಅಚ್ಚುಕಟ್ಟಾಗಿದೆ. ತಿಂಗಳಿಗೆ 700 ಅಥವಾ 1,000 ಯೂರೋ ಒಳಬರುತ್ತಿದ್ದರೆ ಶುಲ್ಕವಿಲ್ಲ ಎಂಬುದು ಇವುಗಳ ಸಾಮಾನ್ಯ ಷರತ್ತು. ಚಿಕ್ಕ ವಯಸ್ಸಿನವರಿಗೆ ಆ ಷರತ್ತೂ ಇರುವುದಿಲ್ಲ. ಮಿತಿ ಆಗಾಗ ಬದಲಾಗುತ್ತದೆ, ತೆರೆಯುವ ದಿನ ನೋಡಿಕೊಳ್ಳಿ. 992 ಯೂರೋ ಬರುವ ವಿದ್ಯಾರ್ಥಿಗೆ 700ರ ಷರತ್ತು ದಾಟುತ್ತದೆ, 1,000ದ್ದು ಎಂಟು ಯೂರೋ ಅಂತರದಲ್ಲಿ ತಪ್ಪಿಹೋಗುತ್ತದೆ. ಝೀರೊಕಾರ್ಡಿಗೆ ಇವು ಬೇರೆಯಾಗಿ ಸಣ್ಣ ಮಾಸಿಕ ಶುಲ್ಕ ಕೇಳುತ್ತವೆ.

ತೊಡಕು ಬರುವುದು ಬಾಗಿಲಲ್ಲೇ. ವಿಡಿಯೋ ಪರಿಶೀಲನೆ ಆಗದಿದ್ದರೆ ಅಂಚೆ ಕಚೇರಿಯ ದಾರಿ ಹಿಡಿಯಿರಿ. ಬ್ಯಾಂಕ್ ಕಳಿಸಿದ ಹಾಳೆ, ಪಾಸ್‌ಪೋರ್ಟ್, ಜೊತೆಗೆ ನೋಂದಣಿ ಪತ್ರ ಒಯ್ಯಿರಿ. ನಮ್ಮ ಪಾಸ್‌ಪೋರ್ಟಿನಲ್ಲಿರುವುದು ಊರಿನ ವಿಳಾಸವಾದ್ದರಿಂದ ನೋಂದಣಿ ಪತ್ರವಿಲ್ಲದೆ ಹೋಗಿ ಹಿಂತಿರುಗಿದವರು ಹಲವರು. ವಾಸದ ಪರವಾನಗಿಯ ಪ್ಲಾಸ್ಟಿಕ್ ಕಾರ್ಡ್ ಕೈಗೆ ಬಂದಮೇಲೆ ಇನ್ನೊಂದು ದಾರಿಯೂ ತೆರೆಯುತ್ತದೆ. ಆ ಕಾರ್ಡಿನಲ್ಲಿ ಆನ್‌ಲೈನ್ ಗುರುತಿನ ಸೌಲಭ್ಯವಿದೆ. ಆರಂಕಿಯ ಪಿನ್ ಹೊಂದಿಸಿಕೊಂಡರೆ ಮೊಬೈಲಿನ ಬೆನ್ನಿಗೆ ಕಾರ್ಡ್ ಹಿಡಿದು ಎರಡು ನಿಮಿಷದಲ್ಲಿ ಪರಿಶೀಲನೆ ಮುಗಿಸಬಹುದು, ಬ್ಯಾಂಕ್ ಆ ದಾರಿಯನ್ನು ಒಪ್ಪುವುದಾದರೆ. ಆದರೆ ಕಾರ್ಡ್ ಬರಲು ತಿಂಗಳುಗಳೇ ಬೇಕಾಗಬಹುದು.

ಹೊಸಬರ ಅರ್ಜಿಯನ್ನು ಈ ಬ್ಯಾಂಕುಗಳು ಕಾರಣ ಹೇಳದೆ ತಿರಸ್ಕರಿಸುವುದೂ ಉಂಟು. ಇಲ್ಲಿ ಸಾಲದ ಚರಿತ್ರೆ ಇಡುವ ಸಂಸ್ಥೆ ಶೂಫಾ. ನಿಮ್ಮ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ಕೆಟ್ಟ ಚರಿತ್ರೆ ಬೇರೆ, ಚರಿತ್ರೆಯೇ ಇಲ್ಲದಿರುವುದು ಬೇರೆ. ಆದರೆ ಯಂತ್ರಕ್ಕೆ ಎರಡರ ನಡುವಿನ ವ್ಯತ್ಯಾಸವನ್ನು ತಿಳಿಸಿ ಹೇಳಲು ಕಿಟಕಿಯಾಚೆ ಯಾರೂ ಇಲ್ಲ. ಹಾಗಾಗಿ ತಿರಸ್ಕಾರ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆರು ತಿಂಗಳು ಸಂಬಳ ಬಂದಮೇಲೆ ಇನ್ನೊಮ್ಮೆ ಪ್ರಯತ್ನಿಸಿ.

ಮೊಬೈಲ್ ಬ್ಯಾಂಕು ಮತ್ತು ಹಣ ರವಾನೆಯ ಆ್ಯಪ್

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು. ಬರ್ಲಿನ್ನಿನ ಎನ್26 ಜರ್ಮನ್ ಪರವಾನಗಿಯ ನಿಜವಾದ ಬ್ಯಾಂಕು. ಇಂಗ್ಲಿಷಿನಲ್ಲೇ ಎಲ್ಲವೂ ನಡೆಯುತ್ತದೆ, ಮೂಲ ಖಾತೆಗೆ ತಿಂಗಳ ಶುಲ್ಕವಿಲ್ಲ, ತಿಂಗಳ ಒಳಬರುವಿಕೆಯ ಷರತ್ತೂ ಇಲ್ಲ. ಪಾಸ್‌ಪೋರ್ಟಿನ ತೊಡಕು ಇಲ್ಲೂ ಇರಬಹುದು. ಯಾವ ದೇಶದ ಯಾವ ದಾಖಲೆ ನಡೆಯುತ್ತದೆ ಎಂಬ ಪಟ್ಟಿಯನ್ನು ಅವರೇ ಪ್ರಕಟಿಸುತ್ತಾರೆ, ಮೊದಲು ಅದನ್ನು ನೋಡಿ. ಉಚಿತವಾಗಿ ನಗದು ತೆಗೆಯುವುದಕ್ಕೆ ತಿಂಗಳಿಗೆ ಇಷ್ಟೇ ಸಲ ಎಂಬ ಮಿತಿಯಿದೆ.

ವೈಸ್ ಹಾಗಲ್ಲ. ಅದು ಹಣ ರವಾನೆಯ ಸಂಸ್ಥೆ, ಬ್ಯಾಂಕ್ ಅಲ್ಲ. ನಿಮ್ಮ ಹಣವನ್ನು ಪ್ರತ್ಯೇಕವಾಗಿ ಇಡುವ ಕಟ್ಟುಪಾಡು ಅದಕ್ಕಿದೆ, ಆದರೆ 1,00,000 ಯೂರೋ ಠೇವಣಿ ರಕ್ಷಣೆ ಅನ್ವಯಿಸುವುದಿಲ್ಲ. ಯೂರೋ ಐಬಾನ್ ಬೆಲ್ಜಿಯಂನದು. ಆದರೂ ಬಂದಿಳಿದ ಮೊದಲ ವಾರಗಳಿಗೆ ಇಂಥದ್ದು ಒಂದು ಊರುಗೋಲು. ಮನೆಗೆ ಹಣ ಕಳಿಸುವಾಗಲೂ ಒಳ್ಳೆಯ ದರ ಕೊಡುತ್ತದೆ. ಇದನ್ನೇ ಮುಖ್ಯ ಖಾತೆ ಮಾಡಿಕೊಂಡು ಸಂಬಳ, ಬಾಡಿಗೆ, ವಿಮೆ ಎಲ್ಲವನ್ನೂ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಎಂದೋ ಒಂದು ದಿನ ದಾಖಲೆ ಕೇಳಿ ಆ್ಯಪ್ ನಿಂತುಹೋದರೆ ಬಾಡಿಗೆಯೂ ನಿಲ್ಲುತ್ತದೆ.

ಹಕ್ಕಾಗಿ ಸಿಗುವ ಮೂಲ ಖಾತೆ

ಇದನ್ನು ತಿಳಿದವರು ಕಡಿಮೆ, ಹಾಗಾಗಿ ಒತ್ತಿ ಹೇಳುತ್ತೇನೆ. 2016ರ ಜೂನ್‌ನಿಂದ ಜರ್ಮನಿಯಲ್ಲಿ ಬಾಸಿಸ್‌ಕೊಂಟೊ ಎಂಬ ಕಾನೂನಿನ ಹಕ್ಕಿದೆ. ಐರೋಪ್ಯ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಯಾರಿಗೂ, ಸ್ಥಿರ ವಿಳಾಸ ಇಲ್ಲದವರಿಗೂ, ಗ್ರಾಹಕರಿಗೆ ಚಾಲ್ತಿ ಖಾತೆ ಕೊಡುವ ಬ್ಯಾಂಕು ಇದನ್ನು ತೆರೆದುಕೊಡಬೇಕು. ನಿರಾಕರಿಸಲು ಕಾನೂನು ಒಪ್ಪಿದ ಕೆಲವೇ ಕಾರಣಗಳಿವೆ, ಉದಾಹರಣೆಗೆ ನಿಮಗೆ ಈಗಾಗಲೇ ಬಳಕೆಯಲ್ಲಿರುವ ಖಾತೆ ಇರುವುದು. ಅರ್ಜಿಗೆ ನಿಗದಿತ ನಮೂನೆ ಇದೆ. ಹತ್ತು ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಇಲ್ಲವೆಂದರೆ ಹಣಕಾಸು ಮೇಲ್ವಿಚಾರಣೆಯ ಸಂಸ್ಥೆಯಾದ ಬಾಫಿನ್‌ಗೆ ದೂರು ಕೊಡಬಹುದು.

ಕೊರತೆಗಳೂ ಇವೆ. ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆಯುವ ಸೌಲಭ್ಯ, ಇಲ್ಲ, ಶುಲ್ಕ ಕೆಲವು ಕಡೆ ಮಾಮೂಲಿ ಖಾತೆಗಿಂತ ಹೆಚ್ಚು. ಆದರೆ ಎರಡು ಕಡೆ ತಿರಸ್ಕಾರವಾಗಿ, ಶ್ಪೆರ್‌ಕೊಂಟೊದಲ್ಲಿ ಹಣ ಸಿಕ್ಕಿಹಾಕಿಕೊಂಡವರಿಗೆ ಇದು ಗಟ್ಟಿ ನೆಲ. ಶಾಖೆಯಲ್ಲಿ ಆ ಪದವನ್ನು ಸ್ಪಷ್ಟವಾಗಿ ಹೇಳಿ ನಮೂನೆ ಕೇಳಿ. ಆಮೇಲೆ ಬೇಕಾದರೆ ಸಾಮಾನ್ಯ ಖಾತೆಗೆ ಬದಲಾಯಿಸಿಕೊಳ್ಳಬಹುದು.

ಹಾಗಾದರೆ ಯಾರು ಏನು ಮಾಡಬಹುದು

ವಿದ್ಯಾರ್ಥಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ವಿಶ್ವವಿದ್ಯಾಲಯದ ಹತ್ತಿರದ ಶಾಖೆ ಬ್ಯಾಂಕಿನಲ್ಲಿ, ವಯಸ್ಸಿನ ಮಿತಿಯೊಳಗಿದ್ದರೆ ಉಚಿತ ಖಾತೆ. ಮಿತಿ ದಾಟಿದ್ದರೂ ಮೊದಲ ಒಂದು ವರ್ಷ ಆ ಶುಲ್ಕ ಕೊಡುವುದು ನಷ್ಟವಲ್ಲ ಎಂದೇ ನನ್ನ ಎಣಿಕೆ. ಶ್ಪೆರ್‌ಕೊಂಟೊದ ಹಣ ಒಂದು ತಿಂಗಳು ಮೊದಲೇ ಕೈಗೆ ಬಂದರೆ ಆ 84 ಯೂರೋ ದಕ್ಕಿದಂತೆಯೇ. ಭಾಷೆ, ಊರು ಅಭ್ಯಾಸವಾದ ಮೇಲೆ ಉಚಿತ ಖಾತೆಗೆ ಹೋಗಿ. ಹಳೆಯ ಬ್ಯಾಂಕಿನ ಪಾವತಿಗಳನ್ನು ಹೊಸದಕ್ಕೆ ವರ್ಗಾಯಿಸಲು ಬ್ಯಾಂಕುಗಳೇ ನೆರವಾಗಬೇಕೆಂಬ ಕಾನೂನಿದೆ.

ಬ್ಲೂ ಕಾರ್ಡಿನಲ್ಲಿ, ಅಂದರೆ ಉನ್ನತ ಶಿಕ್ಷಣ ಪಡೆದ ನೌಕರರಿಗೆ ಕೊಡುವ ವಾಸದ ಪರವಾನಗಿಯಲ್ಲಿ, ಬರುವವರಿಗೆ ಹೆಚ್ಚು ದಾರಿಗಳಿವೆ. ಕಂಪನಿಯ ಸಿಬ್ಬಂದಿ ವಿಭಾಗದವರನ್ನು ಕೇಳಿದರೆ ಅವರ ಪರಿಚಯದ ಶಾಖೆ ಇರುತ್ತದೆ. ಜರ್ಮನ್ ಅಷ್ಟಿಷ್ಟು ಬರುತ್ತದೆ, ಮೊದಲ ಸಂಬಳಕ್ಕೆ ಇನ್ನೂ ಐದು ವಾರ ಸಮಯವಿದೆ ಎಂದಾದರೆ ನೇರವಾಗಿ ಶಾಖೆಯಿಲ್ಲದ ಬ್ಯಾಂಕಿಗೆ ಅರ್ಜಿ ಹಾಕಿ. ಹತ್ತೇ ದಿನದಲ್ಲಿ ಸಂಬಳದ ಖಾತೆ ಕೊಡಬೇಕಾಗಿದ್ದರೆ ಶಾಖೆಗೇ ಹೋಗಿ.

ಗಂಡ ಅಥವಾ ಹೆಂಡತಿಯ ಜೊತೆ ಬರುವವರಿಗೆ ಒಂದು ಮಾತು. ಜಂಟಿ ಖಾತೆ ಸುಲಭ, ಮಾಡಿಸಿ. ಆದರೆ ನಿಮ್ಮ ಒಬ್ಬರ ಹೆಸರಿನಲ್ಲೂ ಒಂದು ಖಾತೆ ಇರಲಿ, ಅದರಲ್ಲಿ ಐವತ್ತು ಯೂರೋ ಇದ್ದರೂ ಸರಿ. ಮುಂದೆ ಕೆಲಸ ಸಿಕ್ಕಾಗ, ಮೊಬೈಲ್ ಸಂಪರ್ಕ ತೆಗೆದುಕೊಳ್ಳುವಾಗ ನಿಮ್ಮ ಹೆಸರಿಗೂ ಇಲ್ಲಿ ಒಂದು ಗುರುತು ಇರುತ್ತದೆ. ಎಂಟು ವರ್ಷ ಇಲ್ಲಿದ್ದು ತನ್ನ ಹೆಸರಿನಲ್ಲಿ ಒಂದು ಕಾಗದವೂ ಇಲ್ಲದೆ ಕಷ್ಟಪಟ್ಟ ಗೆಳತಿಯನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಆರು ತಿಂಗಳ ಯೋಜನೆಗೆ ಬಂದು ಹೋಗುವವರಿಗೆ ಮೊಬೈಲ್ ಖಾತೆಯೇ ಸಾಕು.

ಯಾವುದನ್ನು ಆರಿಸಿದರೂ ತಪ್ಪದ ಎರಡು ಸಂಗತಿ

ಒಂದು, ಹೆಸರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ನಿಲ್ಲುತ್ತವೆ. ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ. ಜರ್ಮನ್ ಬ್ಯಾಂಕಿನ ಅರ್ಜಿ ಆ ಜಾಗ ತುಂಬದೆ ಮುಂದಕ್ಕೆ ಹೋಗುವುದಿಲ್ಲ. ಆಗ ಒಂದು ಕಡೆ ಒಂದೇ ಹೆಸರನ್ನು ಎರಡು ಸಲ, ಇನ್ನೊಂದು ಕಡೆ ಅಪ್ಪನ ಹೆಸರು ಎಂದು ಬರೆದರೆ ಮುಂದೆ ತೊಂದರೆ ತಪ್ಪಿದ್ದಲ್ಲ. 2025ರ ಅಕ್ಟೋಬರ್ 9ರಿಂದ ಯೂರೋ ದೇಶಗಳ ಬ್ಯಾಂಕುಗಳು ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ಮತ್ತು ಐಬಾನ್ ಹೊಂದುತ್ತವೆಯೇ ಎಂದು ಪರಿಶೀಲಿಸುತ್ತವೆ. ಹೊಂದದಿದ್ದರೆ ಕಳಿಸುವವರಿಗೆ ಎಚ್ಚರಿಕೆ ಕಾಣುತ್ತದೆ. ವಾಸದ ನೋಂದಣಿಯಲ್ಲಿ ಹೆಸರು ಹೇಗೆ ಬಂದಿದೆಯೋ ಅದೇ ಅಕ್ಷರ, ಅದೇ ಕ್ರಮ ಬ್ಯಾಂಕಿನಲ್ಲೂ, ಕಂಪನಿಯಲ್ಲೂ ಇರಲಿ. ಹೊರಡಲು ಇನ್ನೂ ಸಮಯವಿದ್ದರೆ ಪಾಸ್‌ಪೋರ್ಟನ್ನೇ ಸರಿಪಡಿಸಿಕೊಂಡು ಬರುವುದು ಎಲ್ಲಕ್ಕಿಂತ ಒಳ್ಳೆಯದು.

ಎರಡು, ಅಂಚೆ ಪೆಟ್ಟಿಗೆ. ಇಲ್ಲಿ ಪೋಸ್ಟ್‌ಮ್ಯಾನ್ ಮನೆ ಸಂಖ್ಯೆ ನೋಡಿ ಪತ್ರ ಹಾಕುವುದಿಲ್ಲ, ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಕೆಲವು ದಿನ ಬಿಟ್ಟು ಇನ್ನೊಂದು ಲಕೋಟೆಯಲ್ಲಿ, ಆ್ಯಪ್ ಚಾಲೂ ಮಾಡುವ ಸಂಕೇತ ಮೂರನೆಯದರಲ್ಲಿ ಬರುತ್ತದೆ. ನಾನು ಬಂದ ವರ್ಷ ನಾಲ್ಕನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ, ಕೆಳಗಿನ ಪೆಟ್ಟಿಗೆಯ ಮೇಲೆ ಮನೆಯೊಡತಿಯ ಹೆಸರಷ್ಟೇ ಇತ್ತು. ಕಾರ್ಡ್ ಬಂತು, ಪಿನ್ ಬರಲಿಲ್ಲ. ಮೂರು ವಾರ ಕಾದು ಬ್ಯಾಂಕಿಗೆ ಹೋದರೆ ಪತ್ರ ಎರಡು ಸಲ ವಾಪಸ್ ಬಂದಿದೆ ಎಂದರು. ಮನೆಯೊಡತಿ ತನ್ನ ಹೊಲಿಗೆ ಪೆಟ್ಟಿಗೆಯಿಂದ ಬಿಳಿ ಅಂಟುಪಟ್ಟಿ ತೆಗೆದು, ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು, ತಾನೇ ಮೆಟ್ಟಿಲಿಳಿದು ಹೋಗಿ ಅಂಟಿಸಿದಳು. ಮುಂದಿನ ವಾರ ಪಿನ್ ಬಂತು. ಬೀಗದ ಕೈ ಪಡೆದ ದಿನವೇ ಪೆಟ್ಟಿಗೆಗೂ ಕರೆಗಂಟೆಗೂ ಹೆಸರು ಅಂಟಿಸಿ. ಬೇರೆಯವರ ಮನೆಯಲ್ಲಿ ತಂಗಿದ್ದರೆ ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ.

ಖಾತೆ ನಡೆಯತೊಡಗಿದ ಮೇಲೆ ಬಾಡಿಗೆ, ಆರೋಗ್ಯ ವಿಮೆ, ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ ಬಾನುಲಿ ಶುಲ್ಕ ಎಲ್ಲವನ್ನೂ ಅವರೇ ಖಾತೆಯಿಂದ ಎಳೆದುಕೊಳ್ಳುವ ಒಪ್ಪಿಗೆ ಕೇಳುತ್ತಾರೆ. ಭಯ ಬೇಡ. ಹಾಗೆ ಎಳೆದ ಹಣವನ್ನು ಎಂಟು ವಾರದೊಳಗೆ ಕಾರಣ ಕೊಡದೆಯೇ ವಾಪಸ್ ಪಡೆಯುವ ಹಕ್ಕು ನಿಮಗಿದೆ. ಆದರೆ ಆ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ದಂಡ ಬೀಳುತ್ತದೆ. ಹೊಸಬರಿಗೆ ಓವರ್‌ಡ್ರಾಫ್ಟ್ ಕೊಡುವುದು ಅಪರೂಪ.

ಊರಿನ ಕಡೆಯ ಖಾತೆಯನ್ನೂ ಮರೆಯಬೇಡಿ. ಕೆಲಸಕ್ಕೆ ಹೊರಟವರಷ್ಟೇ ಅಲ್ಲ, ಓದಲು ಹೊರಟವರನ್ನೂ ವಿದೇಶಿ ವಿನಿಮಯದ ನಿಯಮ ಅನಿವಾಸಿಗಳೆಂದೇ ಎಣಿಸುತ್ತದೆ. ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ರೂಪಾಯಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಇಲ್ಲಿ ದುಡಿದದ್ದನ್ನು ಅಲ್ಲಿ ಇಡುವುದಾದರೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಹಣವನ್ನು ಮತ್ತೆ ಹೊರಗೆ ಒಯ್ಯಲೂ ಅಡ್ಡಿಯಿಲ್ಲ. ಶ್ಪೆರ್‌ಕೊಂಟೊಗೆ ಕಳಿಸುವ ಮೊತ್ತ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗದ ಮೇಲೆ ಬ್ಯಾಂಕ್ ಮೂಲದಲ್ಲೇ ತೆರಿಗೆ ಸಂಗ್ರಹಿಸುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದೂ ಇಲ್ಲ. ಕಡಿತವಾದದ್ದನ್ನು ಹಣ ಕಳಿಸಿದವರು, ಅಂದರೆ ಅಪ್ಪನೋ ಅಮ್ಮನೋ, ತಮ್ಮ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಇದನ್ನು ಅವರಿಗೆ ತಿಳಿಸಿ ಹೊರಡಿ. ಊರಿನ ಬ್ಯಾಂಕಿಗೆ ಜೋಡಿಸಿದ ಸಿಮ್ ಚಾಲನೆಯಲ್ಲೇ ಇರಲಿ, ಅಂತರರಾಷ್ಟ್ರೀಯ ರೋಮಿಂಗನ್ನು ವಿಮಾನ ಹತ್ತುವ ಮುನ್ನವೇ ತೆರೆಸಿಕೊಳ್ಳಿ. ಒಟಿಪಿ ಬರುವುದು ಅದಕ್ಕೇ.